ಜಪಸರ ಎಣಿಸುತ್ತಿದ್ದವರು ಪ್ರಶ್ನೆ ಕೇಳಿದಾಗ
1960ರ ದಶಕದವರೆಗೂ ನಮ್ಮ ಕ್ಯಾಥೊಲಿಕ್ ಚರ್ಚ್‌ಗಳಲ್ಲಿ ಬಲಿಪೂಜೆ ಲ್ಯಾಟಿನ್‌ನಲ್ಲೇ ನಡೀತಿತ್ತು. ಪಾದ್ರಿ ಜನರಿಗೆ ಬೆನ್ನು ಮಾಡಿ ನಿಲ್ಲುತ್ತಿದ್ದರು. ಜನ ಜಪಸರ ಎಣಿಸ್ತಾ ಕೂರುತ್ತಿದ್ದರು. ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ ಜನಭಾಷೆಗೆ ಬಾಗಿಲು ತೆರೆಯಿತು. ಭಾಷೆ ಬದಲಾದರೆ ಸಾಕೇ?

ಸಾಲದು ಅಂದವರು ಫಾದರ್ ಡಿ.ಎಸ್. ಅಮಲೋರ್ಪವದಾಸ್. 1932ರಲ್ಲಿ ತಮಿಳುನಾಡಿನಲ್ಲಿ ಹುಟ್ಟಿದ ಇವರು 1967ರಲ್ಲಿ ಬೆಂಗಳೂರಿನಲ್ಲಿ ಎನ್‌ಬಿಸಿಎಲ್‌ಸಿ ಎಂಬ ರಾಷ್ಟ್ರೀಯ ಕೇಂದ್ರ ಕಟ್ಟಿ, ಪಾದ್ರಿಗಳಿಗೂ ಸಾಮಾನ್ಯ ಭಕ್ತರಿಗೂ ಪೂಜೆಯ ಅರ್ಥ ಕಲಿಸಿದರು. ನೆಲದ ಮೇಲೆ ಕೂರುವುದು, ಕೈಮುಗಿದು ನಮಿಸುವುದು, ಆರತಿ ಸೇರಿ 12 ಬದಲಾವಣೆಗಳಿಗೆ 1969ರಲ್ಲಿ ರೋಮ್ ಒಪ್ಪಿತು.

ಇದು ಹಿಂದೂಕರಣ ಅಂತ ಕೆಲವರು ಸಿಡಿದರು. ಇದು ಮೇಲ್ಜಾತಿಯವರ ಸಂಸ್ಕೃತಿ ಅಲ್ವಾ ಅಂತ ದಲಿತ ಕ್ರೈಸ್ತರು ಕೇಳಿದರು. 1990ರಲ್ಲಿ ಅವರು ಅಪಘಾತದಲ್ಲಿ ತೀರಿಕೊಂಡರು. ಸುಮ್ಮನೆ ಕೂರುತ್ತಿದ್ದವರು ಇದು ಯಾರ ಪೂಜೆ ಎಂದು ಕೇಳುವಂತಾದದ್ದೂ ಅವರ ಪಾಠದ ಫಲವೇ.