ಅಜ್ಜಿ ಮನೆಯ ಲಕ್ಷ್ಮಿ ಪಟ

ಹೊಳೆನರಸೀಪುರದ ನಮ್ಮ ಅಜ್ಜಿ ಮನೆಯ ದೇವರ ಕೋಣೆಯಲ್ಲಿ ಕಮಲದ ಮೇಲೆ ನಿಂತ ಲಕ್ಷ್ಮಿಯ ಹಳೆಯ ಪಟವಿದೆ. ಅದು ರಾಜಾ ರವಿವರ್ಮ ಅವರ ಚಿತ್ರದ ಅಚ್ಚು ಎಂದು ನನಗೆ ಗೊತ್ತಾದದ್ದು, ಹಾಸನದಲ್ಲಿ ಬಿ.ಇ. ಸೇರಿದ ಮೇಲೆ ಗೆಳೆಯರ ಜತೆ ಮೈಸೂರಿನ ಜಗನ್ಮೋಹನ ಅರಮನೆ ನೋಡಲು ಹೋದಾಗ.

ರವಿವರ್ಮ ಹುಟ್ಟಿದ್ದು 1848ರಲ್ಲಿ, ಕೇರಳದ ಕಿಳಿಮಾನೂರಿನಲ್ಲಿ. ತಿರುವಾಂಕೂರು ರಾಜಮನೆತನದ ನಂಟರು. ಹದಿನಾಲ್ಕರ ವಯಸ್ಸಿಗೇ ಅರಮನೆ ಸೇರಿದರೂ ತೈಲವರ್ಣದ ಗುಟ್ಟು ಸುಲಭಕ್ಕೆ ಸಿಗಲಿಲ್ಲ. ಆಸ್ಥಾನ ಕಲಾವಿದ ರಾಮಸ್ವಾಮಿ ನಾಯ್ಕರ್ ಹೇಳಿಕೊಡಲು ಒಪ್ಪಲಿಲ್ಲ. ಯುರೋಪಿನಿಂದ ಬಂದ ಥಿಯೋಡರ್ ಜೆನ್ಸನ್ ತಾವು ಚಿತ್ರ ಬರೆಯುವುದನ್ನು ನೋಡಲಷ್ಟೇ ಬಿಟ್ಟರು. ನೋಡಿ ನೋಡಿಯೇ ಕಲಿತ ಹುಡುಗ 1873ರಲ್ಲಿ ಮದ್ರಾಸ್ ಪ್ರದರ್ಶನದಲ್ಲಿ ಚಿನ್ನದ ಪದಕ ಗೆದ್ದರು.

ಆಮೇಲೆ ಅರಸರು, ದಿವಾನರು, ಬ್ರಿಟಿಷ್ ಅಧಿಕಾರಿಗಳು ಅವರಿಂದ ಭಾವಚಿತ್ರ ಬರೆಸಿಕೊಂಡರು. 1885ರಲ್ಲಿ ಮೈಸೂರಿನ ಚಾಮರಾಜೇಂದ್ರ ಒಡೆಯರ್ ಕೂಡ ಕರೆಸಿಕೊಂಡರು. ಗೋಡೆಯ ಮೇಲಿನ ದೊಡ್ಡ ತೈಲಚಿತ್ರವೆಂದರೆ ಆಗ ಅಂತಸ್ತಿನ ಗುರುತು. ರೇಷ್ಮೆಯ ಹೊಳಪು, ಮುತ್ತಿನ ಸರ, ಒಡವೆ ಎಲ್ಲವೂ ಮುಟ್ಟಿದರೆ ಕೈಗೆ ಸಿಗುವಂತೆ ಮೂಡಬೇಕಿತ್ತು.

ಆದರೆ ಅವರು ಅರಮನೆಗಳಿಗೇ ಸೀಮಿತರಾಗಲಿಲ್ಲ. 1894ರಲ್ಲಿ ತಮ್ಮ ರಾಜವರ್ಮ ಅವರ ಜತೆ ಸೇರಿ ಮುಂಬೈಯಲ್ಲಿ ಶಿಲಾಮುದ್ರಣದ ಪ್ರೆಸ್ ಹಾಕಿದರು. ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು. ಅಚ್ಚಿನ ಮೇಲೆ ಅಚ್ಚು ಒತ್ತಿ ಪೂರ್ತಿ ಚಿತ್ರ ತೆಗೆಯಬೇಕು. ಪ್ರೆಸ್ ನಷ್ಟಕ್ಕೆ ಬಿತ್ತು, ಕೆಲವೇ ವರ್ಷಗಳಲ್ಲಿ ಜರ್ಮನಿಯ ತಂತ್ರಜ್ಞನಿಗೆ ಮಾರಿದರು. ಪಟಗಳು ಮಾತ್ರ ಊರೂರು ಸೇರಿದವು. ದೇವಸ್ಥಾನದ ಬಾಗಿಲು ದಾಟಲು ಬಿಡದವರ ಮನೆಗೂ ದೇವರು ಬಂದರು. 1906ರಲ್ಲಿ ರವಿವರ್ಮ ತೀರಿಕೊಂಡರು.

ಊರಿಗೆ ಮರಳಿದಾಗ ಅಜ್ಜಿಯನ್ನು ಅವರ ಅಮ್ಮನ ಫೋಟೊ ಇದೆಯಾ ಎಂದು ಕೇಳಿದೆ. ಒಂದೂ ಇಲ್ಲ. ಗದ್ದೆ ಕೂಲಿಯವರನ್ನು ಯಾರು ಕೂರಿಸಿ ಚಿತ್ರ ತೆಗೀತಾರೆ ಎಂದು ನಕ್ಕರು. ಲಕ್ಷ್ಮಿ ಪಟ ತಂದವರು ಆ ಮುತ್ತಜ್ಜಿಯೇ ಅಂತೆ. ಅವರ ಕಾಸಿನಲ್ಲಿ ಲಕ್ಷ್ಮಿಗೊಂದು ಮುಖ ಸಿಕ್ಕಿತು, ಅವರ ಮುಖ ಮಾತ್ರ ಎಲ್ಲೂ ಉಳಿಯಲಿಲ್ಲ.

ಹೈಸ್ಕೂಲಿನಲ್ಲಿ ಬಿಡಿಸುತ್ತಿದ್ದ ನಾನು, ಮಾರ್ಕ್ಸ್‌ಗೆ ಬರುವುದಿಲ್ಲ ಎಂದು ಪೆನ್ಸಿಲ್ ಬಿಟ್ಟಿದ್ದೆ. ಅವತ್ತು ಅಜ್ಜಿಯನ್ನು ಜಗಲಿಯ ಮೇಲೆ ಕೂರಿಸಿ ಬಿಡಿಸಿದೆ. ಮೂಗು ಸೊಟ್ಟಗಾಯಿತು. ಹೇಳಿಕೊಡುವವರು ಯಾರೂ ಇಲ್ಲ, ನೋಡಿಯೇ ಕಲಿಯಬೇಕು. ಅಜ್ಜಿ ಮಾತ್ರ ಅದಕ್ಕೆ ಚೌಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗು ಹಾಕಿದ್ದಾರೆ.