ಸುರಪುರದ ಅರಸನೂ ಮರಣದಂಡನೆಯೂ

ಮರಣದಂಡನೆ ಇರಬೇಕೇ, ಬೇಡವೇ ಎಂಬ ಚರ್ಚೆ ಎದ್ದಾಗಲೆಲ್ಲ ನಾವು ದೂರದ ದೇಶಗಳ ಉದಾಹರಣೆಗಳನ್ನು ಅರಸುತ್ತೇವೆ. ಯಾದಗಿರಿ, ಶಹಾಪುರ, ಸುರಪುರಗಳ ಓದುಗರಿಗಾದರೋ ಅಷ್ಟು ದೂರ ಹೋಗುವ ಅಗತ್ಯವಿಲ್ಲ. ಸುರಪುರದ ರಾಜಾ ವೆಂಕಟಪ್ಪನಾಯಕನ ಬಾಳನ್ನು ನೆನೆದರೆ ಸಾಕು.

ತಂದೆ ಕೃಷ್ಣಪ್ಪನಾಯಕ ತೀರಿಕೊಂಡಾಗ ಅವನಿನ್ನೂ ಬಾಲಕ. ನಿಜಾಮನಿಗೆ ಕಪ್ಪ ಒಪ್ಪಿಸುತ್ತಿದ್ದ ಆ ಬೇಡ ಸಂಸ್ಥಾನದ ಮೇಲ್ವಿಚಾರಣೆಗೆ ಬಂದವನು ಫಿಲಿಪ್ ಮೆಡೋಸ್ ಟೇಲರ್. ಅವನ ನಿವಾಸ ಇಂದಿಗೂ ಟೇಲರ್ ಮಂಜಿಲ್ ಎಂಬ ಹೆಸರಿನಿಂದ ಬೆಟ್ಟದ ಮೇಲಿದೆ. ಬಾಲಕನು ಅವನನ್ನು ಅಪ್ಪನೆಂದೇ ಕರೆಯುತ್ತಿದ್ದನಂತೆ. 1853ರಲ್ಲಿ ಪ್ರಾಪ್ತವಯಸ್ಕನಾದ ಅರಸನಿಗೆ ರಾಜ್ಯವನ್ನೊಪ್ಪಿಸಿ ಟೇಲರ್ ಹೊರಟುಹೋದ.

1857ರ ಬಂಡಾಯದ ಕಿಡಿ ಸುರಪುರಕ್ಕೂ ಹಾರಿತು. 1858ರ ಫೆಬ್ರವರಿಯಲ್ಲಿ ನಡೆದ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಮಡಿದನು. ಅರಸನು ಹೈದರಾಬಾದಿಗೆ ಹೋದನು. ಅಲ್ಲಿ ಸೆರೆಸಿಕ್ಕು ಬ್ರಿಟಿಷರ ವಶವಾದನು. ವಿಚಾರಣೆ ನಡೆದು ಮರಣದಂಡನೆಯ ತೀರ್ಪು ಬಂತು.

ದಂಡನೆಯ ಪರವಾದಿಗಳ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು. ರಕ್ತ ಹರಿದಿತ್ತು, ಪ್ರಾಣಕ್ಕೆ ಬೆಲೆಯಿದೆಯೆಂದಾದರೆ ಅದನ್ನು ಕಳೆದವನು ಉತ್ತರ ಕೊಡಲೇಬೇಕೆಂಬುದು ನ್ಯಾಯದ ಹಳೆಯ ಸೂತ್ರ. ಆದರೆ ಇಲ್ಲಿ ಯುದ್ಧ ಮಾಡಿದ ಒಂದು ಪಕ್ಷವೇ ನ್ಯಾಯಪೀಠದಲ್ಲಿ ಕುಳಿತಿತ್ತು. ಸೇನೆ ಚದುರಿ ಕೈಗೆ ಕೋಳ ಬಿದ್ದ ಇಪ್ಪತ್ತನಾಲ್ಕರ ಆಸುಪಾಸಿನ ತರುಣನಿಂದ ಇನ್ನಾವ ಅಪಾಯವಿತ್ತು? ಸಮಾಜದ ರಕ್ಷಣೆಗೆ ಸೆರೆಮನೆಯೇ ಸಾಕಾಗುವಾಗ ಕೊಲ್ಲುವುದು ಅನಗತ್ಯವೆಂಬ ಈ ವಿಚಾರವನ್ನೇ ದ್ವಿತೀಯ ಜಾನ್ ಪೌಲರು 1995ರ ವಿಶ್ವಪತ್ರದಲ್ಲಿ ಬೆಳೆಸಿದರು. 2018ರಲ್ಲಿ ಪೋಪ್ ಫ್ರಾನ್ಸಿಸರು ಮರಣದಂಡನೆ ಸಮ್ಮತವಲ್ಲವೆಂದು ಧರ್ಮೋಪದೇಶದಲ್ಲಿಯೇ ಬರೆಯಿಸಿದರು.

ಸೆರೆಯಲ್ಲಿ ಅರಸನನ್ನು ಕಂಡ ಟೇಲರ್ ಒಂದು ಸಂಗತಿಯನ್ನು ತನ್ನ ಆತ್ಮಕಥೆಯಲ್ಲಿ ದಾಖಲಿಸಿದ್ದಾನೆ. ಪ್ರೇರೇಪಿಸಿದವರ ಹೆಸರು ಹೇಳಿದರೆ ಕ್ಷಮೆ ಸುಲಭವಾಗಬಹುದೆಂಬ ಸೂಚನೆಗೆ ಅರಸನು ಒಪ್ಪಲಿಲ್ಲ. ಕಳ್ಳನಂತೆ ನೇಣಿಗೆ ಹಾಕದೆ ತೋಪಿನ ಬಾಯಿಗೆ ಕಟ್ಟಬೇಕೆಂದು ಕೇಳಿದನು. ಕಡಲಾಚೆಯ ಗಡಿಪಾರಿಗಿಂತ ಮರಣವೇ ಲೇಸೆಂದನು. ಜೀವನಪರ್ಯಂತದ ಬಂಧನವು ಕ್ಷಣಮಾತ್ರದ ಮರಣಕ್ಕಿಂತ ಹೆಚ್ಚು ಭೀಕರವೆಂದು ಇಟಲಿಯ ಬೆಕ್ಕಾರಿಯಾ 1764ರಲ್ಲಿ ವಾದಿಸಿದ್ದುಂಟು. ಆ ಗ್ರಂಥದ ಹೆಸರನ್ನೂ ಕೇಳಿರದ ಸುರಪುರದ ಅರಸನು ಸೆರೆಮನೆಯಲ್ಲಿ ಅದಕ್ಕೆ ಸಾಕ್ಷಿ ನುಡಿದಂತಾಯಿತು. ಮರಣವೇ ಎಲ್ಲಕ್ಕಿಂತ ದೊಡ್ಡ ಶಿಕ್ಷೆ, ಆದ್ದರಿಂದಲೇ ಅದು ಜನರನ್ನು ತಡೆಯುತ್ತದೆ ಎನ್ನುವವರು ಇದಕ್ಕೇನು ಹೇಳುವರೋ ಕಾಣೆವು.

ರೆಸಿಡೆಂಟನು ಮರಣದಂಡನೆಯನ್ನು ಗಡಿಪಾರಿಗೆ ಇಳಿಸಿದನು. ಗವರ್ನರ್ ಜನರಲ್ ಕ್ಯಾನಿಂಗ್ ಅದನ್ನೂ ತಗ್ಗಿಸಿ ನಾಲ್ಕು ವರ್ಷಗಳ ಸೆರೆ ಮಾಡಿದನು. ನಡತೆ ಸರಿಯಿದ್ದರೆ ಸಂಸ್ಥಾನ ಮರಳಿ ದೊರೆಯುವ ಭರವಸೆಯೂ ಇತ್ತು. ಅದೇ ವರ್ಷದ ಜೂನ್‌ನಲ್ಲಿ ನರಗುಂದದ ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ಪ್ರಕರಣಗಳು ಒಂದೇ ಅಲ್ಲ, ಅಲ್ಲಿ ಮ್ಯಾನ್ಸನ್ ಎಂಬ ಅಧಿಕಾರಿಯ ಕೊಲೆಯಾಗಿತ್ತು. ಆದರೂ ಒಬ್ಬನು ಉಳಿಯುವುದೂ ಒಬ್ಬನು ಅಳಿಯುವುದೂ ಆಳುವವರ ಮನಸ್ಸಿನ ಮೇಲೆ ಎಷ್ಟು ನಿಂತಿತ್ತೆಂದು ಯೋಚಿಸದಿರಲಾಗದು.

ಮದ್ರಾಸಿನ ಕಡೆಯ ಕೋಟೆಯೊಂದಕ್ಕೆ ಅರಸನನ್ನು ಒಯ್ಯುತ್ತಿದ್ದಾಗ ಹಾದಿಯ ಬಿಡಾರದಲ್ಲಿ ಗುಂಡಿನ ಸದ್ದು ಕೇಳಿಸಿತು. ಕಾವಲಿನ ಅಧಿಕಾರಿ ಬಿಟ್ಟುಹೋಗಿದ್ದ ಪಿಸ್ತೂಲಿನಿಂದ ತಾನೇ ಸುಟ್ಟುಕೊಂಡನೆಂದು ಟೇಲರ್ ಬರೆಯುತ್ತಾನೆ; ಅದನ್ನು ನಂಬದವರೂ ಇದ್ದಾರೆ. ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಮರಣವೆಂದು ಜಾತಕದಲ್ಲಿತ್ತೆಂಬ ಕಥೆಯೂ ಟೇಲರನ ಪುಸ್ತಕದಲ್ಲಿದೆ. ಆ ವಿಧಿಯ ಮಾತಿಗೆ ನಾವು ಹೆಚ್ಚಿನ ಬೆಲೆ ಕೊಡಲಾರೆವು. ಕಾಯುವ ಹೊಣೆ ಹೊತ್ತವರ ಅಜಾಗ್ರತೆಯೇ ನಮಗೆ ದೊಡ್ಡದಾಗಿ ಕಾಣುತ್ತದೆ.

ಸಂಸ್ಥಾನವನ್ನು ಬ್ರಿಟಿಷರು ವಶಪಡಿಸಿಕೊಂಡು, 1860ರಲ್ಲಿ ನಿಜಾಮನಿಗೆ ಕೊಟ್ಟರು.