ಕನ್ನಡ ನಾಡಿನ ಗಣಿತಜ್ಞ ಮಹಾವೀರಾಚಾರ್ಯರು

ಪೆಟ್ಟಿಗೆಯಿಂದ ಒಂದು ಚೀಟಿ ತೆಗೆಯುವ ಲೆಕ್ಕ ಮಕ್ಕಳಿಗೆ ಸುಲಭ. ಅದನ್ನು ಹಿಂದಕ್ಕೆ ಹಾಕದೆ ಎರಡನೆಯದನ್ನು ತೆಗೆಯಿರಿ ಎಂದಾಗ ತರಗತಿ ಸುಮ್ಮನಾಗುತ್ತದೆ. ಇಂಥ ಲೆಕ್ಕಕ್ಕೆ ಬೇಕಾದ ಎಣಿಕೆಯ ಸೂತ್ರವನ್ನು ಸುಮಾರು 850ರಲ್ಲೇ ಬರೆದಿಟ್ಟವರು ಜೈನ ವಿದ್ವಾಂಸರಾದ ಮಹಾವೀರಾಚಾರ್ಯರು.

ನಮ್ಮ ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ ಕಿತ್ತಯ್ಯನ ಶಾಸನ ಸುಮಾರು 750ರದು. ಅದಾಗಿ ನೂರು ವರ್ಷಗಳ ಮೇಲೆ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಆಚಾರ್ಯರು ಬಾಳಿದರು. ರಾಜಧಾನಿ ಮಾನ್ಯಖೇಟ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಕನ್ನಡದ ಕವಿರಾಜಮಾರ್ಗ ಹುಟ್ಟಿದ್ದೂ ಅದೇ ಆಸ್ಥಾನದಲ್ಲಿ. ಅತ್ತ ಬಾಗ್ದಾದಿನಲ್ಲಿ ಅಲ್ ಖ್ವಾರಿಜ್ಮಿ ಬೀಜಗಣಿತವನ್ನು ರೂಪಿಸಿದ್ದು ಹೆಚ್ಚು ಕಡಿಮೆ ಇದೇ ಕಾಲ.

ಆಚಾರ್ಯರು ತಮ್ಮ ಬಗ್ಗೆ ಹೆಚ್ಚೇನೂ ಬರೆದುಕೊಂಡಿಲ್ಲ. ಗ್ರಂಥದ ಆರಂಭದಲ್ಲಿ ದೊರೆಯನ್ನು ಹೊಗಳಿ ನೇರವಾಗಿ ಲೆಕ್ಕಕ್ಕೆ ಇಳಿಯುತ್ತಾರೆ. ಅವರ ಗಣಿತಸಾರಸಂಗ್ರಹ ಸಂಸ್ಕೃತದಲ್ಲಿದೆ. ಬಡ್ಡಿ, ಚಿನ್ನದ ಬೆರಕೆ, ಹೊಲದ ಅಳತೆ, ಹಳ್ಳ ತೋಡುವ ಲೆಕ್ಕ ಎಲ್ಲವೂ ಅದರಲ್ಲುಂಟು. ಖಗೋಳಶಾಸ್ತ್ರದ ಅಂಗವಾಗಿ ಅಲ್ಲ, ಗಣಿತಕ್ಕಾಗಿಯೇ ಬರೆದ ಪುಸ್ತಕವದು. ಋಣಸಂಖ್ಯೆಗೆ ವರ್ಗಮೂಲವಿಲ್ಲ ಎಂದೂ ಅವರು ಸ್ಪಷ್ಟವಾಗಿ ಹೇಳಿದ್ದಾರೆ.

ಈಗ ಆ ಸೂತ್ರ. ಆರು ರುಚಿಗಳಿವೆ, ಎಷ್ಟು ಬಗೆಯಲ್ಲಿ ಬೆರೆಸಬಹುದು ಎಂಬುದು ಅವರು ಕೊಟ್ಟ ಲೆಕ್ಕ. ಎರಡನ್ನು ಆರಿಸಬೇಕಾದರೆ ಮೇಲಿನಿಂದ ಇಳಿಯುತ್ತಾ 6 ಮತ್ತು 5ನ್ನು ಗುಣಿಸಿ, ಒಂದರಿಂದ ಏರುತ್ತಾ 1 ಮತ್ತು 2ನ್ನು ಗುಣಿಸಿ ಭಾಗಿಸಬೇಕು. ಉತ್ತರ 15. ಮೂರಕ್ಕೆ 20. ಒಂದೊಂದರಿಂದ ಆರರವರೆಗೆ ಎಲ್ಲ ಕೂಡಿದರೆ 63.

ರುಚಿಯ ಬದಲು ಆರು ಮಕ್ಕಳ ಹೆಸರಿನ ಚೀಟಿ ಇಟ್ಟುಕೊಳ್ಳಿ. ಗೊತ್ತಾದ ಇಬ್ಬರ ಹೆಸರೇ ಬರುವ ಸಂಭವ ಎಷ್ಟು? ಮೊದಲ ಸಲ 2/6. ಉಳಿದದ್ದು ಐದೇ ಚೀಟಿ, ಆದ್ದರಿಂದ ಎರಡನೆಯ ಸಲ 1/5. ಗುಣಿಸಿದರೆ 1/15. ಹದಿನೈದು ಜೋಡಿಗಳಲ್ಲಿ ಒಂದು! ಚೀಟಿಯನ್ನು ಹಿಂದಕ್ಕೆ ಹಾಕಿದ್ದರೆ ಎರಡನೆಯದು 1/6 ಆಗಿ, ಉತ್ತರ 1/18ಕ್ಕೆ ಇಳಿಯುತ್ತಿತ್ತು. ಪರೀಕ್ಷೆಯಲ್ಲಿ ಅಂಕ ಹೋಗುವುದು ಇಲ್ಲೇ.

ಸಂಭವನೀಯತಾ ಶಾಸ್ತ್ರವನ್ನೇ ಆಚಾರ್ಯರು ಕಂಡುಹಿಡಿದರು ಎಂದರೆ ಅದು ಅತಿಶಯೋಕ್ತಿ. ಅದು ಬೆಳೆದದ್ದು ಫ್ರಾನ್ಸಿನ ಪಾಸ್ಕಲ್ ಮತ್ತು ಫರ್ಮಾ 1654ರಲ್ಲಿ ಬರೆದುಕೊಂಡ ಪತ್ರಗಳಿಂದ. ಆದರೆ ಆರಿಸುವ ಬಗೆಗಳನ್ನೆಣಿಸುವ ಈ ಸೂತ್ರವನ್ನು ಯುರೋಪಿನಲ್ಲಿ ಎರಿಗೋನ್ ಕೊಟ್ಟದ್ದು 1634ರಲ್ಲಿ, ಎಂದರೆ ಸುಮಾರು ಎಂಟುನೂರು ವರ್ಷ ತಡವಾಗಿ. ಇಷ್ಟು ಹಿರಿಮೆ ಸಾಕು.

ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಈ ಗ್ರಂಥವನ್ನು ತೆಲುಗಿಗೆ ತಂದನು. 1912ರಲ್ಲಿ ಎಂ. ರಂಗಾಚಾರ್ಯರು ಮೂಲವನ್ನು ಇಂಗ್ಲಿಷ್ ಅನುವಾದದೊಡನೆ ಮದ್ರಾಸಿನಿಂದ ಪ್ರಕಟಿಸಿದರು.